ಕೊಸರು

ಹತ್ತು ಅಡಿ ಉದ್ದ, ಆರು ಅಡಿ ಅಗಲ, ಮೂರು ಅಡಿ ಆಳ.
ಮನೆ ಕಟ್ಟುವಾಗ ಇಟ್ಟಿಗೆ ನೆನೆಸಲು ತೋಡಿದ ಗುಂಡಿ.
ಆಮೇಲೆ ಸಿಮೆಂಟು ಬಳಿದು ತೊಟ್ಟಿಯಾಯಿತು,
ಒಂದಷ್ಟು ವರ್ಷ ಒಡೆದ ಕುರ್ಚಿ, ಹಳೇ ಕೊಡೆಗಳ ಗೋದಾಮು.
ಈಗ ನೀರು ತುಂಬಿಸಿದ್ದೇನೆ.
ಹಿತ್ತಲಿಗೆ ಹೋದಾಗೆಲ್ಲ ಮೀನಿಲ್ಲದ ನೀರಲ್ಲಿ
ನನ್ನದೇ ಮುಖ.
ಐದು ಸಾವಿರ ಲೀಟರು, ಚೂರು ಹೆಚ್ಚು.
ಹಾಲಿನ ರಸೀದಿಯ ಬೆನ್ನಲ್ಲಿ ಮೂರು ಸಲ ಗುಣಿಸಿ ನೋಡಿದ್ದೇನೆ.

ಎಷ್ಟು ಕೋಯಿ ಬಿಡಬೇಕು?

ಮಂಡಿಪೇಟೆಯ ಜಬೀವುಲ್ಲಾ, "ಇಪ್ಪತ್ತು ಬಿಡ್ರಿ ಮೇಡಂ,
ಬೆರಳುದ್ದದ ಮರಿ, ಹೊಂದ್ಕಂತಾವೆ."
ಪಕ್ಕದ ಮನೆ ಗೌರಕ್ಕ, "ಒಂಬತ್ತೇ ಇರ್ಲಿ. ಎಂಟು ಬಂಗಾರದ್ದು, ಒಂದು ಕರೇದು.
ಮನೆಗೆ ಬರೋ ಕೆಟ್ಟದ್ದೆಲ್ಲ ಕರೇದು ನುಂಗ್ತೈತೆ."
ನಮ್ಮವರು ಪೇಪರಿನಿಂದ ತಲೆ ಎತ್ತದೆ, "ಒಂದೂ ಬ್ಯಾಡ.
ಸೊಳ್ಳೆಗೆ ನಾಲ್ಕು ಗಪ್ಪಿ ಸಾಕು."

ಹೊಂದ್ಕಂತಾವೆ.
ಈ ಮಾತು ನನ್ನದೇ. ಮೂವತ್ತೊಂದು ವರ್ಷ
ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಕುರ್ಚಿಯಲ್ಲಿ ಕೂತು
ಪ್ರತಿ ಜೂನಿನಲ್ಲೂ ಆಡಿದ್ದು.
ಮಂಜೂರಾತಿ ಐವತ್ತು. ಹಾಜರಿ ಎಪ್ಪತ್ತಾರು.
ಟ್ರಂಕು ಹೊತ್ತು ಬಂದ ಅಪ್ಪಂದಿರಿಗೆ ಇಲ್ಲವೆನ್ನಲು
ನಾಲಿಗೆ ಏಳಲಿಲ್ಲ ಒಮ್ಮೆಯೂ.
ಎರಡು ಮಂಚ ಜೋಡಿಸಿದರೆ ನಡುವೆ ಮೂರನೆಯವಳು.
ಬಚ್ಚಲ ಮುಂದೆ ಬೆಳಗಿನ ನಾಲ್ಕಕ್ಕೇ ಬಕೆಟ್ಟುಗಳ ಸಾಲು.
ಸಾರಿಗೆ ನೀರು ಬೆರೆಸಿದ ಕೈ ನನ್ನದಲ್ಲ,
ನೋಡಿಯೂ ನೋಡದ ಕಣ್ಣು ನನ್ನದು.

ಹೊಂದ್ಕಂಡರು, ಹೌದು.
ಜಗಳೂರು ಕಡೆಯ ಹಾಲಮ್ಮ ಮಂಚಗಳ ಸಂದಿಯಲ್ಲಿ ಮಲಗಿ
ಎರಡು ವರ್ಷ ಮಗ್ಗುಲು ಬದಲಿಸಲಿಲ್ಲವಂತೆ.
ಮೊನ್ನೆ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಳು, ಈಗ ನರ್ಸು.
ನನ್ನ ಚೀಲ ಕಸಿದುಕೊಂಡು ಸೀಟು ಹಿಡಿದುಕೊಟ್ಟು
ನಗುತ್ತಲೇ ಅಂದಳು,
"ಈಗಲೂ ನೆಟ್ಟಗೇ ಮಲಗ್ತೀನಿ ಮೇಡಂ. ರೂಢಿ."

ಮೀನು ದೂರುವುದಿಲ್ಲ.
ಇಕ್ಕಟ್ಟಾದರೆ ಮೇಲಕ್ಕೆ ಬಂದು ಬಾಯಿ ತೆರೆಯುತ್ತದೆ.
ನಾವು ಹಸಿವೆಂದುಕೊಂಡು
ಮಂಡಕ್ಕಿ ಎರಚುತ್ತೇವೆ.

ಹಾಗಾಗಿ ಈ ಸಲ ಸರಿಯಾದ ಲೆಕ್ಕ.
ಬೆರಳುದ್ದದ್ದು ಮೊಳದುದ್ದ ಆಗುತ್ತದೆ, ತಲೆಗೆ ಸಾವಿರ ಲೀಟರು,
ಐದು.
ಆದರೆ ಅದು ಶ್ರಾವಣದ ತೊಟ್ಟಿಗೆ.
ದಾವಣಗೆರೆಯ ಏಪ್ರಿಲ್ ತಾನೂ ಬಗ್ಗಿ ಕುಡಿಯುತ್ತದೆ.
ನಲ್ಲಿ ಬರುವುದು ವಾರಕ್ಕೊಮ್ಮೆ, ಬಂದರೆ ಮೊದಲು ಬಿಂದಿಗೆ,
ಆಮೇಲೆ ಬಟ್ಟೆ, ಮೀನಿನ ಸರದಿ ಕೊನೆಗೆ.
ಕರೆಂಟು ಹೋದರೆ ಗಾಳಿಯ ಪಂಪೂ ನಿಂತಿತು,
ನಡುರಾತ್ರಿ ಎದ್ದು ಚೊಂಬಿನಲ್ಲಿ ಮೊಗೆಮೊಗೆದು
ಎತ್ತರದಿಂದ ಸುರಿಯುವವರು ಯಾರು?
ತುಂಬಿದ ತೊಟ್ಟಿಗಲ್ಲ, ಇಳಿದ ತೊಟ್ಟಿಗೆ ಎಣಿಸಬೇಕು.
ಮೂರು.
ಬರೆದು ಅಡಿಗೆರೆ ಎಳೆದೆ.
ಹಳೇ ಚಟ, ಸಹಿಯನ್ನೂ ಹಾಕಿದೆ.

ಜಬೀವುಲ್ಲಾ ಮೂರನ್ನೇ ಹಿಡಿದ:
ಬಿಳಿ ಮೈಗೆ ಕುಂಕುಮ ಚೆಲ್ಲಿದಂಥದ್ದೊಂದು,
ಚೆಂಡುಹೂವಿನ ಬಣ್ಣದ್ದೊಂದು,
ಇನ್ನೊಂದಕ್ಕೆ ಹೆಸರಿಲ್ಲದ ಬಣ್ಣ, ತೊಳೆದ ಹಿತ್ತಾಳೆ ಅನ್ನಬಹುದೇನೋ.
ಚೀಲಕ್ಕೆ ಗಾಳಿ ತುಂಬಿ ರಬ್ಬರು ಸುತ್ತುವ ಮುಂಚೆ
ಸರಕ್ಕನೆ ಬಲೆ ಅದ್ದಿ ಒಂದು ಮಸಿಮರಿ ಒಳಗೆ ಬಿಟ್ಟ.
"ಇದು ಕೊಸರು ಮೇಡಂ, ಇದಕ್ಕೆ ಕಾಸು ಬ್ಯಾಡ.
ಬಾಲ ಹರಿದೈತೆ, ಯಾರೂ ತಗಳಲ್ಲ."

ಬೇಡ ಅನ್ನಬೇಕಿತ್ತು.
ಪರ್ಸಿನಲ್ಲಿ ಚೀಟಿ ಇತ್ತು, ಚೀಟಿಯಲ್ಲಿ ಸಹಿ ಇತ್ತು.

ತೊಡೆಯ ಮೇಲೆ ಚೀಲ ಕುಲುಕದಂತೆ ಹಿಡಿದು
ಆಟೋದಲ್ಲಿ ನಿಟುವಳ್ಳಿ ತಲುಪುವವರೆಗೂ
ಮನಸ್ಸು ಗುಣಿಸುತ್ತಲೇ ಇತ್ತು:
ತೊಟ್ಟಿಯ ಗೋಡೆ ಇನ್ನೊಂದು ಅಡಿ ಎತ್ತರಿಸಲು
ಎಷ್ಟು ಇಟ್ಟಿಗೆ ಬೇಕು.